ಬಯಲು ಮುಚ್ಚಿಟ್ಟ ಸ್ತರಭಂಗಗಳು

2010ರ ಸೆಪ್ಟೆಂಬರ್ 4ರ ಬೆಳಗಿನ ಜಾವ 4 ಗಂಟೆ 35 ನಿಮಿಷಕ್ಕೆ ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ಬಯಲಿನಲ್ಲಿ 7.1 ಪ್ರಮಾಣದ ಭೂಕಂಪವಾಯಿತು. ಕ್ರೈಸ್ಟ್‌ಚರ್ಚ್ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದ ಡಾರ್‌ಫೀಲ್ಡ್ ಸುತ್ತಮುತ್ತ, ಬೆಳಕು ಹರಿಯುವಷ್ಟರಲ್ಲಿ ನೆಟ್ಟಗಿದ್ದ ಬೇಲಿಗಳು ಸೊಟ್ಟಗಾಗಿದ್ದವು, ಡಾಂಬರು ರಸ್ತೆಗಳು ಪಕ್ಕಕ್ಕೆ ಸರಿದಿದ್ದವು. ಸುಮಾರು 30 ಕಿಲೋಮೀಟರ್ ಉದ್ದಕ್ಕೆ ನೆಲ ಹರಿದಿತ್ತು. ಹರಿದ ಗೆರೆಯ ಒಂದು ಬದಿಯಲ್ಲಿ ನಿಂತು ನೋಡಿದರೆ ಎದುರು ಬದಿಯ ನೆಲ ಬಲಕ್ಕೆ ಸರಾಸರಿ ಎರಡೂವರೆ ಮೀಟರ್, ಕೆಲವೆಡೆ ಐದು ಮೀಟರಿಗೂ ಮಿಕ್ಕಿ ಜರುಗಿತ್ತು. ಅಲ್ಲೊಂದು ಸ್ತರಭಂಗ, ಅಂದರೆ ಎರಡು ಬದಿಯ ಬಂಡೆ ಒಂದರ ಪಕ್ಕ ಒಂದು ಜಾರುವ ಸೀಳು, ಇದೆ ಎಂದು ಅಲ್ಲಿಯವರೆಗಿನ ಯಾವ ನಕ್ಷೆಯಲ್ಲೂ ಇರಲಿಲ್ಲ. ಗ್ರೀನ್‌ಡೇಲ್ ಎಂಬ ಹೆಸರು ಅದಕ್ಕೆ ಬಿದ್ದದ್ದು ಆಮೇಲೆ.

ಭೂಕಂಪದ ಅಧ್ಯಯನದಲ್ಲಿ ಜಗತ್ತಿನ ಮುಂದಿನ ಸಾಲಿನಲ್ಲಿರುವ ದೇಶದಲ್ಲಿ ಇಷ್ಟು ದೊಡ್ಡ ಸ್ತರಭಂಗ ಕಣ್ಣು ತಪ್ಪಿಸಿಕೊಂಡದ್ದು ಹೇಗೆ ಎಂಬ ಪ್ರಶ್ನೆ ಸಹಜ. ಹುಡುಕಿದವರ ಅಸಡ್ಡೆ ಎಂದು ಹೇಳಿಬಿಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಕಾರಣ ಆ ಬಯಲಿನ ವಯಸ್ಸಿನಲ್ಲಿದೆ. ಗ್ರೀನ್‌ಡೇಲ್ ಹಾದುಹೋಗುವ ನೆಲದ ಬಹುಭಾಗ, ಕಳೆದ ಹಿಮಯುಗದ ಕೊನೆಯಲ್ಲಿ ನ್ಯೂಜಿಲೆಂಡಿನ ಸದರ್ನ್ ಆಲ್ಪ್ಸ್ ಪರ್ವತದಿಂದ ಇಳಿದ ನದಿಗಳು ಉರುಟುಗಲ್ಲು, ಮರಳು ತಂದು ಸುರಿದ ಜಾಗ. ಅದಾಗಿ ಹೆಚ್ಚುಕಡಿಮೆ ಹದಿನಾರು–ಹದಿನೆಂಟು ಸಾವಿರ ವರ್ಷ. ಭೂಕಂಪದ ನಂತರ ಹೈಫೀಲ್ಡ್ ರಸ್ತೆಯ ಬಳಿ ಕಂದಕ ತೋಡಿ ಪದರಗಳ ಕಾಲ ಕಟ್ಟಿದಾಗ, ಅದರ ಹಿಂದಿನ ಭೂಕಂಪ ಈಗ್ಗೆ ಸುಮಾರು 20 ಸಾವಿರದಿಂದ 30 ಸಾವಿರ ವರ್ಷಗಳ ನಡುವೆ ಆಗಿತ್ತು ಎಂದು ತಿಳಿಯಿತು. ಹಿಂದಿನ ಸಲ ನೆಲ ಹರಿದಾಗ ಮೇಲಿನ ಈ ನೆಲ ಹುಟ್ಟಿಯೇ ಇರಲಿಲ್ಲ. ಹರಿದ ಗುರುತನ್ನು ನದಿ ಕೊಚ್ಚಿ, ಮೇಲೆ ಹೊಸ ಜಲ್ಲಿ ಹಾಸಿ ಹೋಗಿತ್ತು. 2010ರ ಭೂಕಂಪದ ಹಿಂದಿನ ದಿನ ಎಂಥ ಪಳಗಿದ ಕಣ್ಣಿನವರು ಆ ಹೊಲದಲ್ಲಿ ನಡೆದಿದ್ದರೂ ಅವರಿಗೆ ಸಿಗುತ್ತಿದ್ದದ್ದು ಹಳೆಯ ನದೀಪಾತ್ರಗಳ ಮೀಟರು ಎತ್ತರದ ಏರುತಗ್ಗು ಮಾತ್ರ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಬೇಕು. ಎರಡೂವರೆ ಮೀಟರ್ ಜಾರುವಿಕೆಯನ್ನು 25 ಸಾವಿರ ವರ್ಷಕ್ಕೆ ಹಂಚಿದರೆ ವರ್ಷಕ್ಕೆ 0.1 ಮಿಲಿಮೀಟರ್. ಅದೇ ದ್ವೀಪದ ಪಶ್ಚಿಮ ಅಂಚಿನ ಆಲ್ಪೈನ್ ಸ್ತರಭಂಗ ವರ್ಷಕ್ಕೆ ಸುಮಾರು 27 ಮಿಲಿಮೀಟರ್ ದರದಲ್ಲಿ ಜಾರುತ್ತದೆ. ಸರಿಸುಮಾರು 300 ವರ್ಷಕ್ಕೊಮ್ಮೆ ಸಿಡಿಯುತ್ತದೆ, ಕೊನೆಯ ಸಲ ಸಿಡಿದದ್ದು 1717ರಲ್ಲಿ. ಅದರ ಗುರುತು ಬಾಹ್ಯಾಕಾಶದಿಂದಲೂ ಕಾಣುತ್ತದೆ. ಗ್ರೀನ್‌ಡೇಲ್ ಅದಕ್ಕಿಂತ ಇನ್ನೂರೈವತ್ತು ಪಟ್ಟಿಗೂ ಹೆಚ್ಚು ನಿಧಾನ. ಹಾಗೆಂದು ಸಿಡಿದ ದಿನ ಅದರ ಬಲವೇನೂ ಕಡಿಮೆಯಿರಲಿಲ್ಲ. ದರ ಕಡಿಮೆ ಎಂದರೆ ಎರಡು ಭೂಕಂಪಗಳ ನಡುವಿನ ಅಂತರ ಹೆಚ್ಚು ಎಂದಷ್ಟೇ ಅರ್ಥ, ಭೂಕಂಪ ಚಿಕ್ಕದು ಎಂದಲ್ಲ. ಈ ವಿಷಯದಲ್ಲಿ ಜನ ಅತಿ ಹೆಚ್ಚು ಎಡವುವುದು ಇಲ್ಲೇ.

ಇಂಥ ದರವನ್ನು ಜಿಪಿಎಸ್‌ನಿಂದ ನೇರವಾಗಿ ಹಿಡಿಯಬಹುದೇ? ಬಹುಮಟ್ಟಿಗೆ ಆಗದು. ನೆಲದಲ್ಲಿ ಗಟ್ಟಿಯಾಗಿ ನೆಟ್ಟು ವರ್ಷಗಟ್ಟಲೆ ಬಿಡದೆ ಓಡಿಸಿದ ಉಪಕರಣವೂ ವರ್ಷಕ್ಕೆ ಅರ್ಧ ಮಿಲಿಮೀಟರಿಗಿಂತ ಸಣ್ಣ ಚಲನೆಯನ್ನು ನಂಬಿಕೆಯಿಂದ ಹೇಳಲು ತಿಣುಕುತ್ತದೆ. ಬಯಲಿನಲ್ಲಿ ಇನ್ನೊಂದು ತೊಡಕಿದೆ. ಬೋರ್‌ವೆಲ್‌ಗಳಿಂದ ನೀರೆತ್ತಿದಾಗ ನೆಲ ಕುಸಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಈ ಉಸಿರಾಟ ಸ್ತರಭಂಗದ ಚಲನೆಗಿಂತ ಹತ್ತಾರು ಪಟ್ಟು ದೊಡ್ಡದು. ಉಪಗ್ರಹ ರೇಡಾರ್ ಕೂಡ ಉತ್ತು ಬಿತ್ತುವ ಹೊಲದ ಮೇಲೆ ಸೋಲುತ್ತದೆ, ಯಾಕೆಂದರೆ ಎರಡು ಚಿತ್ರಗಳ ನಡುವೆ ನೆಲದ ಮೈಯೇ ಬದಲಾಗಿರುತ್ತದೆ. ಆದ್ದರಿಂದ ನಿಧಾನದ ಸ್ತರಭಂಗದ ದರ ತಿಳಿಯಬೇಕಾದರೆ ಸಾವಿರಾರು ವರ್ಷ ಹಳೆಯ ಪದರವೊಂದು ಎಷ್ಟು ಸರಿದಿದೆ ಎಂದು ಅಳೆಯುವುದೇ ದಾರಿ. ಅಂಥ ಪದರ ನೆಲದಡಿಯಲ್ಲಿದೆ. ಹಾಗಾಗಿ ಕೆಲಸದ ಮುಕ್ಕಾಲು ಪಾಲು ಮಣ್ಣನ್ನು ಓದುವುದೇ.

ಹುಡುಕಾಟ ಶುರುವಾಗುವುದು ಲೈಡಾರ್ ನಕ್ಷೆಯಿಂದ. ವಿಮಾನದಿಂದ ಲೇಸರ್ ಹಾಯಿಸಿ, ಮರ, ಮನೆ, ಬೆಳೆಗಳನ್ನು ಲೆಕ್ಕದಿಂದ ಕಿತ್ತುಹಾಕಿ, ಬರಿಯ ನೆಲದ ಎತ್ತರವನ್ನು ಉಳಿಸಿಕೊಳ್ಳಬೇಕು. ಬಯಲಿನಲ್ಲಿ ಅರ್ಧ ಮೀಟರಿನ ದಿಬ್ಬವೂ ಮುಖ್ಯ, ಹಾಗಾಗಿ ಎತ್ತರವನ್ನು ಹತ್ತು ಪಟ್ಟು ಹಿಗ್ಗಿಸಿ ನೋಡುವುದು ವಾಡಿಕೆ. ಕೃತಕ ಬೆಳಕನ್ನು ಒಂದೇ ದಿಕ್ಕಿನಿಂದ ಬಿಟ್ಟರೆ ಆ ದಿಕ್ಕಿಗೆ ಸಮಾನಾಂತರವಾದ ದಿಬ್ಬಗಳು ಮಾಯವಾಗುತ್ತವೆ. ಕನಿಷ್ಠ ನಾಲ್ಕು ದಿಕ್ಕಿನಿಂದ ಬೆಳಗಿಸಿ ನೋಡಬೇಕು. ಕಂಡ ಗೆರೆಗಳಲ್ಲಿ ಹೆಚ್ಚಿನವು ಹಳೆಯ ಕಾಲುವೆ, ಬದು, ಗಡಿಗುರುತು, ನದೀತೀರ. ಅದಕ್ಕೇ ಟ್ರ್ಯಾಕ್ಟರ್ ಬಂದು ಹೊಲಗಳನ್ನು ಸಮ ಮಾಡುವುದಕ್ಕಿಂತ ಹಿಂದಿನ ವೈಮಾನಿಕ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಅಗತ್ಯ. 1960ರ ದಶಕದಲ್ಲಿ ತೆಗೆದು 1995ರಲ್ಲಿ ಬಹಿರಂಗವಾದ ಅಮೆರಿಕದ ಕೊರೋನಾ ಬೇಹುಗಾರಿಕಾ ಉಪಗ್ರಹದ ಚಿತ್ರಗಳು ಇದಕ್ಕೆ ತುಂಬ ಉಪಯುಕ್ತ.

ಲೈಡಾರ್‌ನಲ್ಲಿ ಏನೂ ಕಾಣದಿದ್ದಾಗ ನೆಲದೊಳಕ್ಕೆ ಕಂಪನ ಕಳಿಸಿ, ಪದರಗಳಿಂದ ಮರಳಿ ಬರುವ ಪ್ರತಿಫಲನವನ್ನು ಜಿಯೋಫೋನ್‌ಗಳಲ್ಲಿ ಹಿಡಿಯಬೇಕಾಗುತ್ತದೆ. ಕಂಪನಕ್ಕೆ ಸುತ್ತಿಗೆಯೂ ಆದೀತು, ನೆಲ ಕಂಪಿಸುವ ಲಾರಿಯೂ ಆದೀತು. ಜಿಯೋಫೋನ್‌ಗಳನ್ನು ಒಂದರಿಂದ ಐದು ಮೀಟರ್ ಅಂತರದಲ್ಲಿ ನೆಡುತ್ತಾರೆ. ಈ ವಿಧಾನದ ಮಿತಿ ಮೊದಲೇ ಗೊತ್ತಿರಬೇಕು. ಜಲ್ಲಿಯಲ್ಲಿ ಅಲೆಯ ವೇಗ ಸೆಕೆಂಡಿಗೆ 1800 ಮೀಟರ್, ಆವರ್ತನ 60 ಹರ್ಟ್ಜ್ ಎಂದುಕೊಂಡರೆ ಅಲೆಯುದ್ದ 30 ಮೀಟರ್. ಅದರ ಕಾಲು ಭಾಗ, ಅಂದರೆ ಏಳೂವರೆ ಮೀಟರಿಗಿಂತ ಚಿಕ್ಕ ಏರಿಳಿತ ಸ್ಪಷ್ಟವಾಗಿ ತೋರದು. ಅಡ್ಡಡ್ಡ ಅಲುಗುವ ಅಲೆ ಬಳಸಿದರೆ ವೇಗ 300ಕ್ಕೆ ಇಳಿದು, 30 ಹರ್ಟ್ಜ್‌ನಲ್ಲೇ ಎರಡೂವರೆ ಮೀಟರ್‌ವರೆಗೆ ಕಾಣುತ್ತದೆ, ಆದರೆ ಹೆಚ್ಚು ಆಳಕ್ಕೆ ಹೋಗುವುದಿಲ್ಲ. ಒಣ ಜಲ್ಲಿ ಕಂಪನವನ್ನು ನುಂಗಿಬಿಡುತ್ತದೆ. ಅಂತರ್ಜಲ ಮೇಲಿರುವ ಕಾಲದಲ್ಲಿ ಸಮೀಕ್ಷೆ ಮಾಡಿದರೆ ಫಲಿತಾಂಶ ಚೆನ್ನಾಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ಅಡಚಣೆ ಗ್ರೀನ್‌ಡೇಲ್‌ನಂಥ ಅಡ್ಡಜಾರಿನ ಸ್ತರಭಂಗದ್ದು. ಸಮತಟ್ಟಾದ ಪದರ ಪಕ್ಕಕ್ಕೆ ಎಷ್ಟೇ ಸರಿದರೂ ಎರಡೂ ಬದಿಯಲ್ಲಿ ಅದೇ ಆಳದಲ್ಲಿ ಅದೇ ಪದರ ಸಿಗುತ್ತದೆ. ಚಿತ್ರದಲ್ಲಿ ಏನೂ ಆಗಿಲ್ಲದಂತೆ ಇರುತ್ತದೆ.

ನೆಲ ನುಸುಳುವ ರೇಡಾರ್ ಒಣ ಜಲ್ಲಿಯಲ್ಲಿ, ಕಡಿಮೆ ಆವರ್ತನದ ಆಂಟೆನಾ ಬಳಸಿದರೆ ಹತ್ತು ಮೀಟರ್‌ವರೆಗೂ ತೋರಿಸೀತು. ಜೇಡಿಮಣ್ಣು ಬಂತೆಂದರೆ ಒಂದೆರಡು ಮೀಟರಿಗೇ ನಿಂತುಬಿಡುತ್ತದೆ. ವಿದ್ಯುತ್ ರೋಧ ಅಳೆಯುವ ವಿಧಾನ ತಂತಿ ಹಾಸಿದ ಉದ್ದದ ಐದು ಅಥವಾ ಆರನೇ ಒಂದು ಭಾಗದಷ್ಟು ಆಳಕ್ಕೆ ಇಳಿಯುತ್ತದೆ. ಇವೆರಡೂ ಕಂದಕ ಎಲ್ಲಿ ತೋಡಬೇಕು ಎಂದು ಹೇಳಲು ಸಾಕು, ಅಷ್ಟೇ.

ಕಂದಕ ಎಂದಾಗ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಪುರಾತನ ಭೂಕಂಪದ ನೇರ ಸಾಕ್ಷಿ ಸಿಗುವುದು ಅಲ್ಲೇ. ಸ್ತರಭಂಗಕ್ಕೆ ಅಡ್ಡಲಾಗಿ ಮೂರ್ನಾಲ್ಕು ಮೀಟರ್ ಆಳ ತೋಡುತ್ತಾರೆ. ಸುಮಾರು ಒಂದೂವರೆ ಮೀಟರ್ ದಾಟಿದ ಮೇಲೆ ಗೋಡೆಗೆ ಆನಿಕೆ ಕೊಡಬೇಕು, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿ ಅಗಲಿಸುತ್ತ ಇಳಿಯಬೇಕು. ಜಲ್ಲಿಯ ಗೋಡೆ ಮುನ್ಸೂಚನೆಯಿಲ್ಲದೆ ಕುಸಿಯುತ್ತದೆ. ನೀರು ಬಂದರೆ ಪಂಪ್ ಇಡಬೇಕು, ಆದರೆ ನೀರು ಹೊರಹೋಗುವಾಗ ಗೋಡೆಯ ಬುಡದ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಯಂತ್ರದ ಹಲ್ಲಿನ ಗೀರುಗಳನ್ನು ಕರಣೆಯಿಂದ ಕೆರೆದು ಗೋಡೆಯನ್ನು ನುಣುಪು ಮಾಡಿ, ಮೊಳೆ ಹೊಡೆದು ದಾರ ಕಟ್ಟಿ ಒಂದೊಂದು ಮೀಟರಿನ ಚೌಕಗಳನ್ನು ಮಾಡುತ್ತಾರೆ. ಒಂದೊಂದು ಪದರದ ಅಂಚಿಗೂ ಒಂದೊಂದು ಬಣ್ಣದ ಪಿನ್ನು. ಒಂದರ ಮೇಲೊಂದು ಅತಿಕ್ರಮಿಸುವಂತೆ ನೂರಾರು ಫೋಟೋ ತೆಗೆದು ಗಣಕದಲ್ಲಿ ಜೋಡಿಸುತ್ತಾರೆ. ಆದರೂ ಕೈಯಲ್ಲಿ ಬರೆಯುವ ಚಿತ್ರವನ್ನು ಬಿಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪೆನ್ಸಿಲ್ ಹಿಡಿದಾಗ ಪ್ರತಿ ಗೆರೆಗೂ ಒಂದು ತೀರ್ಮಾನ ತೆಗೆದುಕೊಳ್ಳಲೇಬೇಕಾಗುತ್ತದೆ. ಫೋಟೋ ಆ ತೀರ್ಮಾನವನ್ನು ಮುಂದೂಡಲು ಬಿಡುತ್ತದೆ, ಅಷ್ಟರಲ್ಲಿ ಕಂದಕ ಮುಚ್ಚಿಹೋಗಿರುತ್ತದೆ.

ಗೋಡೆಯಲ್ಲಿ ಹುಡುಕುವುದು ಒಂದೇ ವಿಷಯ: ಬಿರುಕು ಯಾವ ಪದರದವರೆಗೆ ಕತ್ತರಿಸಿದೆ, ಯಾವ ಪದರ ಅದನ್ನು ಮುಚ್ಚಿಕೊಂಡು ಅಖಂಡವಾಗಿ ಹರಡಿದೆ. ಭೂಕಂಪ ಆದದ್ದು ಈ ಎರಡರ ನಡುವಿನ ಕಾಲದಲ್ಲಿ. ಬಯಲಿನಲ್ಲಿ ಈ ಎರಡು ಪದರಗಳ ನಡುವೆ ನದಿ ಎಷ್ಟೋ ಸಾವಿರ ವರ್ಷಗಳ ಮಣ್ಣನ್ನು ಕೊಚ್ಚಿಕೊಂಡು ಹೋಗಿರಬಹುದು. ಆಗ ಉತ್ತರವೂ ಅಷ್ಟೇ ಅಗಲವಾಗುತ್ತದೆ. 20ರಿಂದ 30 ಸಾವಿರ ವರ್ಷ ಎಂಬ ಉತ್ತರ ಓದುಗರಿಗೆ ಸಡಿಲವಾಗಿ ಕಾಣಬಹುದು. ಆ ಮಣ್ಣು ಕೊಡಬಲ್ಲ ಪ್ರಾಮಾಣಿಕ ಉತ್ತರ ಅದೇ.

ಗ್ರೀನ್‌ಡೇಲ್ ಇನ್ನೊಂದು ಪಾಠ ಕಲಿಸಿತು. ಅಲ್ಲಿನ ಹೊಲಗಳಲ್ಲಿ ಅಳತೆಗೆ ಒದಗಿದ್ದು ಬೇಲಿ, ರಸ್ತೆಯಂಚು, ವಿದ್ಯುತ್ ಕಂಬಗಳ ಸಾಲು, ಉಳುಮೆಯ ಸಾಲುಗಳು. ಭೂಕಂಪಕ್ಕೆ ಮುಂಚೆ ನೇರವಾಗಿದ್ದವೆಂದು ಖಾತ್ರಿಯಿದ್ದ ಈ ಗೆರೆಗಳನ್ನು ನಿಖರ ಜಿಪಿಎಸ್ ಹಿಡಿದು ಉದ್ದಕ್ಕೂ ಅಳೆದರು. ರೈತರು ಬೇಲಿ ಸರಿಪಡಿಸಿ, ಹೊಲ ಉಳುವುದಕ್ಕೆ ಮೊದಲೇ ಅದನ್ನು ಮುಗಿಸಬೇಕಿತ್ತು. ಗೊತ್ತಾದದ್ದೇನೆಂದರೆ, ಚಲನೆ 30ರಿಂದ 300 ಮೀಟರ್ ಅಗಲದ ಪಟ್ಟಿಯಲ್ಲಿ ಹರಡಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಎಷ್ಟೋ ಕಡೆ 70–80 ಪ್ರತಿಶತ, ನೆಲ ಬಾಗಿದ್ದರಿಂದಲೇ ಆಗಿತ್ತು. ಕಣ್ಣಿಗೆ ಬೀಳುವ ಬಿರುಕುಗಳ ಪಾಲು ಕಡಿಮೆ. ಆಳದ ಬಂಡೆಯಲ್ಲಿ ಚಾಕುವಿನಿಂದ ಕೊಯ್ದಂತಿರುವ ಜಾರು, ದಪ್ಪ ಜಲ್ಲಿಯನ್ನು ಹಾದು ಮೇಲೆ ಬರುವಷ್ಟರಲ್ಲಿ ಹೀಗೆ ಚದುರಿಹೋಗುತ್ತದೆ. ಹಾಗಾದರೆ ಹತ್ತಿಪ್ಪತ್ತು ಮೀಟರ್ ಉದ್ದದ ಕಂದಕದ ಗೋಡೆಯಲ್ಲಿ ಕಂಡ ಬಿರುಕುಗಳನ್ನಷ್ಟೇ ಕೂಡಿಸಿ ಹಳೆಯ ಭೂಕಂಪದ ಪ್ರಮಾಣ ಲೆಕ್ಕ ಹಾಕಿದರೆ, ನಿಜಕ್ಕಿಂತ ಎಷ್ಟೋ ಚಿಕ್ಕ ಭೂಕಂಪ ಸಿಗುತ್ತದೆ.

ಕಾಲನಿರ್ಣಯಕ್ಕೆ ಇದ್ದಿಲಿನ ಚೂರು ಸಿಕ್ಕರೆ ಕಾರ್ಬನ್-14 ಪರೀಕ್ಷೆ, ಸುಮಾರು 50 ಸಾವಿರ ವರ್ಷಗಳವರೆಗೆ. ಆದರೆ ಇದ್ದಿಲು ಸುಟ್ಟದ್ದು ಒಂದು ಕಾಲ, ನೀರಲ್ಲಿ ತೇಲಿಬಂದು ಪದರದಲ್ಲಿ ಕೂತದ್ದು ಇನ್ನೊಂದು ಕಾಲ. ಹಳೆಯ ಮರದ ದಿಮ್ಮಿಯ ಚೂರಾದರೆ ನೂರಾರು ವರ್ಷ ತಪ್ಪುತ್ತದೆ. ಎಳೆ ಕಡ್ಡಿ, ಬೀಜ, ಎಲೆ ಸಿಕ್ಕರೆ ಅವನ್ನೇ ಆರಿಸಬೇಕು. ಹಿಮನದಿಯ ಜಲ್ಲಿಯಲ್ಲಿ ಇವಾವೂ ಸಾಮಾನ್ಯವಾಗಿ ಸಿಗುವುದಿಲ್ಲ. ಆಗ ಉಳಿಯುವುದು ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಹೇಳುವ ಪ್ರಕಾಶೋತ್ಸರ್ಜನ ವಿಧಾನ. ಬೆಳಕು ತೂರದ ಕೊಳವೆಯನ್ನು ಗೋಡೆಗೆ ಹೊಡೆದು ತೆಗೆದು, ತಕ್ಷಣ ಎರಡೂ ಬಾಯಿ ಮುಚ್ಚಬೇಕು. ಅದೇ ಜಾಗದಿಂದ ವಿಕಿರಣದ ಅಳತೆಗೂ ತೇವಾಂಶದ ಅಳತೆಗೂ ಬೇರೆ ಮಣ್ಣು ತೆಗೆಯಬೇಕು. ತೇವಾಂಶದ ಅಂದಾಜು ಒಂದು ಪ್ರತಿಶತ ತಪ್ಪಿದರೆ ವಯಸ್ಸೂ ಸರಿಸುಮಾರು ಒಂದು ಪ್ರತಿಶತ ತಪ್ಪುತ್ತದೆ, ಮತ್ತು ಇಂದು ಒಣಗಿರುವ ಮಣ್ಣು ಇಪ್ಪತ್ತು ಸಾವಿರ ವರ್ಷ ಎಷ್ಟು ಒದ್ದೆಯಾಗಿತ್ತು ಎಂಬುದು ಊಹೆಯೇ. ರಾಡಿ ನೀರಿನಲ್ಲಿ ಬಂದ ಕಣಗಳಿಗೆ ಪೂರ್ತಿ ಬಿಸಿಲು ತಾಗಿರುವುದಿಲ್ಲ, ಹಾಗಾಗಿ ವಯಸ್ಸು ಹೆಚ್ಚು ಬರುತ್ತದೆ. ಜಲ್ಲಿಯ ನಡುವಿನ ತೆಳುವಾದ ಮರಳಿನ ಪಟ್ಟಿಯಿಂದ ಮಾದರಿ ತೆಗೆದರೆ ಈ ದೋಷ ತಗ್ಗುತ್ತದೆ.

ಇಷ್ಟೆಲ್ಲ ನೆಲ ಹರಿದಾಗಿನ ಮಾತು. ಹರಿಯದೇ ಇದ್ದರೆ? ಇಟಲಿಯ ಪೋ ನದಿಯ ಬಯಲು ಅಂಥ ಜಾಗ. 2012ರ ಮೇ 20 ಮತ್ತು 29ರಂದು ಎಮಿಲಿಯಾ ಪ್ರಾಂತ್ಯದಲ್ಲಿ 6ರ ಆಸುಪಾಸಿನ ಎರಡು ಭೂಕಂಪಗಳಾಗಿ 27 ಜನ ತೀರಿಕೊಂಡರು. ಅಪೆನ್ನೈನ್ ಪರ್ವತದ ಮುಂಚಾಚು ಅಲ್ಲಿ ಮೆಕ್ಕಲು ಮಣ್ಣಿನಡಿ ಹೂತುಹೋಗಿದೆ. ಒಂದು ತುಂಡು ಇನ್ನೊಂದರ ಮೇಲೆ ಏರುವ ಸ್ತರಭಂಗಗಳು ನೆಲಕ್ಕೆ ತಲುಪುವ ಮೊದಲೇ ನಿಂತುಬಿಡುತ್ತವೆ. ಮೇಲಿನ ಮಣ್ಣು ಸೀಳದೆ, ನೆಲ ಹತ್ತು ಸೆಂಟಿಮೀಟರಿಗೂ ಹೆಚ್ಚು ಉಬ್ಬಿದ್ದನ್ನು ರೇಡಾರ್ ಉಪಗ್ರಹಗಳು ತೋರಿಸಿದವು. ಕಂದಕ ತೋಡಿದರೂ ಕತ್ತರಿಸಿದ ಪದರವೇ ಸಿಗುವುದಿಲ್ಲ.

ಅಲ್ಲಿ ಸುಳಿವು ಕೊಡುವುದು ನದಿಗಳು. ಸೆಕ್ಕಿಯಾ, ಪನಾರೋ ನದಿಗಳು ಪರ್ವತದಿಂದ ಇಳಿದು ಬಯಲಿನ ಸಹಜ ಇಳಿಜಾರಿನಲ್ಲಿ ಸಾಗುತ್ತ, ಮಿರಂಡೋಲದ ಆಸುಪಾಸಿನಲ್ಲಿ ದಿಕ್ಕು ಬದಲಿಸುತ್ತವೆ. ಕೆಳಗೆ ಮೆಲ್ಲಗೆ ಏಳುತ್ತಿರುವ ಮಡಿಕೆಯನ್ನು (ಒತ್ತಡಕ್ಕೆ ಬಾಗಿ ಉಬ್ಬಿದ ಪದರಗಳನ್ನು) ಅವು ಬಳಸಿ ಹೋಗುತ್ತವೆ ಎಂದು ಇಟಲಿಯ ಭೂವಿಜ್ಞಾನಿಗಳು 2003ರಲ್ಲೇ, ಅಂದರೆ ಭೂಕಂಪಕ್ಕೆ ಒಂಬತ್ತು ವರ್ಷ ಮುಂಚೆ, ಗುರುತಿಸಿದ್ದರು. ಈ ಕೆಲಸದಲ್ಲಿ ಇಂದಿನ ನದಿಯನ್ನಷ್ಟೇ ನೋಡಿದರೆ ಸಾಲದು. ಶತಮಾನಗಳಿಂದ ಜನ ಒಡ್ಡು ಕಟ್ಟಿ ನದಿಗಳನ್ನು ತಮಗೆ ಬೇಕಾದಂತೆ ತಿರುಗಿಸಿದ್ದಾರೆ. ಮಣ್ಣಿನ ನಕ್ಷೆಯಲ್ಲಿ ಉಳಿದಿರುವ ಹಳೆಯ ಪಾತ್ರಗಳು, ಹಳೆಯ ಊರುಗಳ ಜಾಗ ಇವನ್ನೆಲ್ಲ ಹೊಂದಿಸಿ, ಮನುಷ್ಯ ತಿರುಗಿಸಿದ್ದನ್ನು ಬದಿಗಿಟ್ಟು ಉಳಿದದ್ದನ್ನು ತೂಗಬೇಕು. ಅದಾದ ಮೇಲೆ ತೈಲ ಹುಡುಕುವವರು ತೆಗೆದಿಟ್ಟ ಆಳದ ಪ್ರತಿಫಲನ ಚಿತ್ರಗಳು. ಏಳುತ್ತಿರುವ ಮಡಿಕೆಯ ನೆತ್ತಿಯ ಮೇಲೆ ಪದರಗಳು ತೆಳ್ಳಗೆ, ಇಕ್ಕೆಲದಲ್ಲಿ ದಪ್ಪ ಕೂರುತ್ತವೆ. ಮಿರಂಡೋಲದ ನೆತ್ತಿಯಲ್ಲಿ ಸುಮಾರು ನೂರು ಮೀಟರಿಗೇ ಗಟ್ಟಿ ಪದರ ಸಿಗುತ್ತದೆ. ಪಕ್ಕದ ತಗ್ಗುಗಳಲ್ಲಿ ಅದೇ ಎಷ್ಟೋ ಆಳಕ್ಕೆ ಇಳಿದಿದೆ. ಎರಡು ಪದರಗಳ ವಯಸ್ಸು ಗೊತ್ತಿದ್ದರೆ ದಪ್ಪದ ವ್ಯತ್ಯಾಸದಿಂದ ಏರುವ ದರ ಬರುತ್ತದೆ. ಆದರೆ ಜೇಡಿ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ, ದಪ್ಪವಿದ್ದ ಕಡೆ ಹೆಚ್ಚು ಕುಗ್ಗುತ್ತದೆ. ಆ ಕುಗ್ಗನ್ನು ಕಳೆಯದಿದ್ದರೆ ಸತ್ತ ಮಡಿಕೆಯೂ ಜೀವಂತವಾಗಿ ಕಾಣುತ್ತದೆ.

ಎಮಿಲಿಯಾದ ಸ್ಯಾನ್ ಕಾರ್ಲೊ ಊರಿನಲ್ಲಿ ಉದ್ದುದ್ದ ಬಿರುಕುಗಳು ಬಿದ್ದು ಮರಳು ಉಕ್ಕಿತ್ತು. ನೋಡಿದ ಕೂಡಲೇ ಸ್ತರಭಂಗವೇ ಮೇಲೆ ಬಂತೆಂದು ಅನಿಸುವಂಥ ದೃಶ್ಯ. ಅವು ರೆನೋ ನದಿ ಬಿಟ್ಟುಹೋದ ಹಳೆಯ ದಂಡೆಯ ಗುಂಟ ಬಿದ್ದ ಬಿರುಕುಗಳು. ನೀರು ತುಂಬಿದ ಮರಳು ಅಲುಗಾಟಕ್ಕೆ ದ್ರವದಂತಾಗಿ, ಮೇಲಿನ ಮಣ್ಣು ಪಕ್ಕಕ್ಕೆ ಜಾರಿತ್ತು.

ನಮ್ಮ ಕಡೆಗೆ ಬಂದರೆ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ನಡುಗಿದ್ದು ಬೀದರ್, ಕಲಬುರಗಿಯ ಹಳೆಯ ತಲೆಮಾರಿಗೆ ಇಂದಿಗೂ ನೆನಪಿದೆ. 6.2ರ ಪ್ರಮಾಣ, ಆಳ ಹತ್ತು ಕಿಲೋಮೀಟರಿಗೂ ಕಡಿಮೆ, ಸತ್ತವರು ಸಾವಿರಾರು. ಆಗಿನ ಭೂಕಂಪ ನಕ್ಷೆಯಲ್ಲಿ ಅದು ಅತ್ಯಂತ ಸುರಕ್ಷಿತವೆನಿಸಿದ ಒಂದನೇ ವಲಯ. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ತೆಗೆದುಹಾಕಿದರು. ಅಲ್ಲಿ ಸ್ತರಭಂಗವನ್ನು ಮುಚ್ಚಿದ್ದು ಜಲ್ಲಿಯಲ್ಲ, ದಖ್ಖನ್ನಿನ ಕರಿಕಲ್ಲು. ಕಿಲ್ಲಾರಿಯಲ್ಲಿ ಕೊರೆದ 617 ಮೀಟರ್ ಬಾವಿಯಲ್ಲಿ ಮೊದಲ 338 ಮೀಟರ್ ಬಸಾಲ್ಟ್, ಅದರ ಕೆಳಗೆ 8 ಮೀಟರ್ ಹಳೆಯ ಮಣ್ಣು, ಆಮೇಲೆ ಮೂಲಶಿಲೆ. ನೆಲದ ಮೇಲೆ ಕಂಡದ್ದು ತುಂಡುತುಂಡಾದ ಸಣ್ಣ ಬಿರುಕು-ದಿಬ್ಬಗಳು ಮಾತ್ರ.

ಈ ಸೀಮೆಯಲ್ಲಿ ಕಂದಕ ತೋಡುವವರಿಗೆ ಎರೆಮಣ್ಣು ದೊಡ್ಡ ಪರೀಕ್ಷೆ. ಬೇಸಗೆಯಲ್ಲಿ ಎರೆ ಹೊಲ ಬಾಯಿಬಿಟ್ಟು ಮೀಟರಿಗೂ ಆಳಕ್ಕೆ ಬಿರಿಯುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಉಬ್ಬುವಾಗ ಹೆಂಟೆಗಳು ಒಂದರ ಮೇಲೊಂದು ಜಾರಿ, ಓರೆಯಾದ ಹೊಳಪಿನ ಮೈಗಳು ಹುಟ್ಟುತ್ತವೆ. ಅವುಗಳ ಮೇಲಿನ ಗೀರುಗಳು ಸ್ತರಭಂಗದ ಗೀರುಗಳಂತೆಯೇ ಇರುತ್ತವೆ. ವ್ಯತ್ಯಾಸ ಇಷ್ಟು: ಎರೆಮಣ್ಣಿನ ಹೊಳಪು ಮೈಗಳು ಎಲ್ಲ ದಿಕ್ಕಿಗೂ ಬಟ್ಟಲಿನಾಕಾರದಲ್ಲಿ ಹರಡಿರುತ್ತವೆ, ಕೆಳಗಿನ ಗರಸು ಪದರಕ್ಕೆ ಬರುತ್ತಲೇ ನಿಂತುಹೋಗುತ್ತವೆ. ಸ್ತರಭಂಗದ ಮೈ ಒಂದೇ ದಿಕ್ಕು ಹಿಡಿದು ಕೆಳಗಿನ ಕಲ್ಲಿಗೂ ಇಳಿಯುತ್ತದೆ. ಹಾಗಾಗಿ ಕಂದಕ ಕಲ್ಲು ಮುಟ್ಟುವವರೆಗೆ ಹೋಗಲೇಬೇಕು. ಇನ್ನೊಂದು, ಮೇಲಿನ ಇದ್ದಿಲು, ಕಸ ಬಿರುಕಿನೊಳಗೆ ಬಿದ್ದು ಎರಡು ಮೀಟರ್ ಕೆಳಗೆ ಸೇರಿಕೊಂಡಿರುತ್ತದೆ; ಅದನ್ನು ಪರೀಕ್ಷೆಗೆ ಕಳಿಸಿದರೆ ಹಳೆಯ ಪದರಕ್ಕೆ ನಿನ್ನೆಮೊನ್ನೆಯ ವಯಸ್ಸು ಬರುತ್ತದೆ.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ನೆಲ ಅದುರಿ ಜನ ಮನೆಯಿಂದ ಹೊರಗೆ ಮಲಗಿದ್ದರು. ಇಂಥ ಕಡೆ ಮೊದಲು ಆಗಬೇಕಾದದ್ದು ಹತ್ತಾರು ಕಿಲೋಮೀಟರ್ ಒಳಗೆ ನಾಲ್ಕೈದು ಭೂಕಂಪಮಾಪಕಗಳನ್ನು ಇಟ್ಟು, ಕನಿಷ್ಠ ಒಂದೆರಡು ವರ್ಷ ಓಡಿಸುವುದು. ದೂರದ ಕೇಂದ್ರಗಳಿಂದ ಲೆಕ್ಕ ಹಾಕಿದರೆ ಕಂಪನದ ಆಳ ಹಲವು ಕಿಲೋಮೀಟರ್ ತಪ್ಪುತ್ತದೆ. ಆಳ ತಪ್ಪಿದರೆ ಚುಕ್ಕಿಗಳು ಒಂದು ಗೆರೆಯಲ್ಲಿ ಸಾಲುಗಟ್ಟಿವೆಯೋ ಚದುರಿವೆಯೋ ಹೇಳಲಾಗದು. ಸಾಲುಗಟ್ಟಿದರೆ ಸ್ತರಭಂಗದ ಮೈ ಕಣ್ಣಿಗೆ ಬಿದ್ದಂತೆ.

ಆದರೆ ಎಲ್ಲ ಸ್ತರಭಂಗಗಳನ್ನೂ ನಕ್ಷೆಗೆ ತಂದ ಮೇಲೆ ಮನೆ ಗಟ್ಟಿ ಮಾಡೋಣ ಎಂದು ಕಾಯುವಂತಿಲ್ಲ. 2011ರ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್‌ನಲ್ಲಿ 185 ಜನರನ್ನು ಕೊಂದದ್ದು ಗ್ರೀನ್‌ಡೇಲ್ ಅಲ್ಲ, ನಗರದ ಅಂಚಿನ ಕೆಳಗೇ ಇದ್ದ, ನೆಲ ಸೀಳದ ಇನ್ನೊಂದು ಅಜ್ಞಾತ ಸ್ತರಭಂಗ. ಎಮಿಲಿಯಾದಲ್ಲಿ ಕಾರ್ಖಾನೆಗಳ ತೊಲೆಗಳು ಕಂಬದ ಮೇಲೆ ಬರಿಯ ಭಾರದಿಂದ ಕೂತಿದ್ದವು. ಅಲುಗಾಟಕ್ಕೆ ಜಾರಿ ಕೆಳಗೆ ಬಿದ್ದವು. ಕಿಲ್ಲಾರಿಯಲ್ಲಿ ಕೊಂದದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಅದರ ಮೇಲಿನ ಮಣ್ಣಿನ ಮಾಳಿಗೆ. ಅಂಥ ಗೋಡೆ ಒಳಮೈ, ಹೊರಮೈ ಎಂದು ಎರಡು ತೆಳು ಗೋಡೆಗಳು, ನಡುವೆ ಚೂರುಕಲ್ಲು-ಮಣ್ಣು; ಅಲುಗಾಡಿದಾಗ ಎರಡೂ ಬೇರೆಬೇರೆ ಕಡೆಗೆ ಹೊಟ್ಟೆಬಿಟ್ಟು ಬೀಳುತ್ತವೆ. ಹೊಸದಾಗಿ ಕಟ್ಟುವಾಗ ಪ್ರತಿ 60 ಸೆಂಟಿಮೀಟರ್ ಎತ್ತರಕ್ಕೆ, ಉದ್ದಕ್ಕೆ 1.2 ಮೀಟರ್ ಮೀರದ ಅಂತರದಲ್ಲಿ, ಗೋಡೆಯ ಎರಡೂ ಮೈ ಮುಟ್ಟುವ ಉದ್ದನೆಯ ಕಲ್ಲು ಇಡಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಇರುವ ಮನೆಗಾದರೆ ಗೋಡೆಯಲ್ಲಿ ಆರಪಾರ ತೂತು ಮಾಡಿ, ತುದಿ ಬಾಗಿಸಿದ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿದರೆ ಅದೇ ಕೆಲಸ ಮಾಡುತ್ತದೆ. ತೂತು ಕೊರೆಯುವಾಗ ಸುತ್ತಿಗೆಯಿಂದ ಜೋರಾಗಿ ಬಡಿಯಬಾರದು, ಒಳಗಿನ ಚೂರು ಸಡಿಲವಾಗುತ್ತದೆ. ಒಂದೊಂದೇ ಕಲ್ಲನ್ನು ಮೆಲ್ಲಗೆ ಮೀಟಿ ತೆಗೆಯಬೇಕು. ಜೊತೆಗೆ, ಪ್ರತಿ ಮಳೆಗಾಲಕ್ಕೂ ಮಾಳಿಗೆಯ ಮೇಲೆ ಹೊಸ ಮಣ್ಣು ಹೇರುತ್ತ ಹೋದವರು ಹಳೆಯ ಮಣ್ಣನ್ನು ಅಷ್ಟೇ ಕೆರೆದು ಇಳಿಸಬೇಕು.